ಶಿದ್ರಾಯನ ಮೂಗು

ಬೆಳುಂಕಿಯ ಶಿದ್ರಾಯನ ಮೂಗಿಗೆ ಊರೆಲ್ಲ ಹೆದರುತ್ತಿತ್ತು. ಯಾರದೇ ಗಾಡಿ ಕಂಡರೂ ಬಗ್ಗಿ ಮೂಸುತ್ತಿದ್ದ. "ಮಿಲಿಟರಿ ಮಾಮಾ ಬಂದ್ರು, ಗಾಡಿ ತಿರುವ್ರಿ" ಎಂದು ಹುಡುಗರು ಚೇಷ್ಟೆ ಮಾಡುತ್ತಿದ್ದರು. ಮಾಡಲಿ ಬಿಡಿ. ಅವನು ಕಂಡದ್ದನ್ನು ಅವರೇನು ಕಂಡಿದ್ದಾರೆ?

ಇಪ್ಪತ್ತೆರಡು ವರ್ಷ ಅವನು ಹಾರಿದ್ದು ವಾಯುಸೇನೆಯ ಟ್ಯಾಂಕರ್ ವಿಮಾನದಲ್ಲಿ. ಆಕಾಶದಲ್ಲೇ ಕೊಳವೆ ಇಳಿಬಿಟ್ಟು ಬೇರೆ ವಿಮಾನಗಳಿಗೆ ಇಂಧನ ಕುಡಿಸುವ ವಿಮಾನ ಅದು. ಹೊಟ್ಟೆ ತುಂಬ ಎಣ್ಣೆ, ಮೈಯೆಲ್ಲ ತೇಪೆ. ಬಿಡಿಭಾಗ ಸಿಗದೆ, ಮೂಲೆಗೆ ಬಿದ್ದ ಇನ್ನೊಂದು ವಿಮಾನದ್ದನ್ನು ಬಿಚ್ಚಿ ಇದಕ್ಕೆ ಹಾಕುತ್ತಿದ್ದರು. ಒಮ್ಮೆ ಸಮುದ್ರದ ಮೇಲೆ ಶಿದ್ರಾಯನ ಮೂಗಿಗೆ ಎಣ್ಣೆಯ ವಾಸನೆ ಬಡಿಯಿತು. ಮೀಟರುಗಳೆಲ್ಲ ಸರಿಯಾಗಿಯೇ ಇದ್ದವು, ಜೊತೆಗಿದ್ದ ಐವರಿಗೆ ಏನೂ ಗೊತ್ತಾಗಲಿಲ್ಲ. ಇವನು ಹಟ ಹಿಡಿದ, ಪೈಲಟ್ ನಂಬಿ ವಿಮಾನ ತಿರುಗಿಸಿದ. ಇಳಿದ ಮೇಲೆ ಬಿಚ್ಚಿ ನೋಡಿದರೆ ಹಳೇ ಪೈಪು ಸೀಳಿತ್ತು, ಪಕ್ಕದಲ್ಲೇ ಕರೆಂಟಿನ ತಂತಿ. ಒಂದು ಕಿಡಿ ಸಾಕಿತ್ತು! ಅಂದಿನಿಂದ ಅವನು ಮೀಟರನ್ನೂ ನಂಬಲಿಲ್ಲ, ಮನುಷ್ಯರನ್ನೂ ನಂಬಲಿಲ್ಲ. ನಂಬಿದ್ದು ತನ್ನ ಮೂಗನ್ನು ಮಾತ್ರ.

ಮೊಮ್ಮಗಳು ಸೋನಾಲಿ ಜತ್ತದ ಕಾಲೇಜಿಗೆ ಹೋಗುವುದು ಕೈಲಾಸನ ಹಳೇ ವ್ಯಾನಿನಲ್ಲಿ. ಅಜ್ಜ ಮೂಸಿ "ಹೂಂ" ಎನ್ನದೆ ಅವಳು ಹತ್ತುವಂತಿಲ್ಲ.

ಆ ದಿನ ಬೆಳಿಗ್ಗೆ ಒಲೆಯ ಮೇಲೆ ಹಾಲು ಉಕ್ಕಿ ತಳ ಹತ್ತಿತು. ಪಕ್ಕದಲ್ಲೇ ಪೇಪರು ಹಿಡಿದು ಕೂತ ಶಿದ್ರಾಯ ಅಲುಗಲಿಲ್ಲ. ಹಿತ್ತಲಿಂದ ಹೆಂಡತಿ ಗೌರವ್ವ ಓಡಿಬಂದಳು.

"ಊರ ಮಂದಿ ಗಾಡಿ ಮೂಸ್ತೀರಿ, ಮನ್ಯಾಗ ಹಾಲು ಹೊತ್ತಿದ್ದು ಗೊತ್ತಾಗ್ಲಿಲ್ಲೇನ್ರಿ?"

"ಪೇಪರ್ ಓದಾಕತ್ತಿದ್ನಿ" ಎಂದು ಸಿಡುಕಿ ಎದ್ದುಹೋದ.

ವ್ಯಾನು ಬಂದು ನಿಂತಿತ್ತು. ಬಗ್ಗಿ ಮೂಸಿದ. ಏನೂ ಇಲ್ಲ. ಅದೇ ಅವನಿಗೆ ಅನುಮಾನ ತಂದಿತು. ಇಷ್ಟು ಹಳೇ ಗಾಡಿ, ಒಂದಿಷ್ಟೂ ವಾಸನೆ ಇಲ್ಲವೆಂದರೆ ಏನರ್ಥ?

"ಕೈಲಾಸ, ಗಾಡಿ ಯಾಕ್ ತೊಳದಿ? ಏನ್ ಮುಚ್ಚಿಡಾಕತ್ತಿ?"

"ನಾ ಎಲ್ಲಿ ತೊಳದೇನ್ರಿ ಮಾಮಾ! ಎಂಟ್ ದಿನ ಆತು, ನೀರ ಸೋಕಿಸಿಲ್ಲ. ಲಗೂನ ಬಿಡ್ರಿ, ಹೊತ್ತಾತು."

ಗಾಲಿಗೆ ಮೆತ್ತಿದ ಧೂಳು ನೋಡಿದ. ಸುಳ್ಳಲ್ಲ. ಮತ್ತೊಮ್ಮೆ ಮೂಸಿ, "ಹೂಂ, ಹತ್ತವಾ" ಎಂದ.

ಸೋನಾಲಿ ಒಂದು ಕಾಲು ಒಳಗಿಟ್ಟವಳೇ ಓಢಣಿಯಿಂದ ಮೂಗು ಮುಚ್ಚಿಕೊಂಡಳು. "ಅಜ್ಜಾ, ಪೆಟ್ರೋಲ್ ವಾಸನಿ ಭಾಳ ಹೊಡ್ಯಾಕತ್ತೈತಿ! ನಿನಗ ಬರವಲ್ದೇನು?"

"ಹೌದವಾ, ನಂಗೂ ತಲಿ ಹಿಡದೈತಿ" ಎಂದಳು ಮೊದಲೇ ಹತ್ತಿ ಒಳಗೆ ಕೂತಿದ್ದ ನೆರೆಮನೆಯ ಮಲಕವ್ವ.

ಶಿದ್ರಾಯ ಗಾಡಿಯ ಅಡಿಗೆ ಕೈ ಹಾಕಿದ. ಪೆಟ್ರೋಲ್ ಪೈಪಿಗೆ ಹಳೇ ರಬ್ಬರ್ ಟ್ಯೂಬಿನ ತುಂಡು ಸುತ್ತಿತ್ತು. ಬೆರಳು ಒದ್ದೆಯಾಯಿತು. ಕೈಲಾಸನ ಮುಖ ಬಿಳಿಚಿಕೊಂಡಿತು.

"ಪೈಪ್ ಸೋರತಿತ್ತು, ನಿನ್ನಿ ಕಟ್ಟೇನ್ರಿ ಮಾಮಾ. ನೀವ ಹೂಂ ಅಂದ್ರಲ್ಲ, ಚಲೋ ಕುಂತೈತಿ ಅಂತ ತಿಳದ್ನಿ."

ಶಿದ್ರಾಯ ಒದ್ದೆ ಬೆರಳನ್ನು ಮೂಗಿನ ಹತ್ತಿರ ತಂದ. ಇನ್ನೂ ಹತ್ತಿರ ತಂದ. ಏನೂ ಇಲ್ಲ. ಬೆಳಗಿನ ಹಾಲು ನೆನಪಾಯಿತು. ಎಷ್ಟು ದಿನದಿಂದ ಹೀಗಿದೆಯೋ, ಎಷ್ಟು ಸಲ ಸುಮ್ಮನೆ "ಹೂಂ" ಎಂದಿದ್ದಾನೋ!

ಈಗ ಬೈಗುಳ ಶುರುವಾಗುತ್ತದೆಂದು ಎಲ್ಲರೂ ಕಾದರು. ಅವನು ಕೈಲಾಸನ ಕಡೆ ನೋಡಲೂ ಇಲ್ಲ.

"ಇಳಿಯವಾ ಸೋನಾಲಿ" ಎಂದು ಅವಳ ಕೈ ಹಿಡಿದ. "ಇನ್ಮ್ಯಾಲ ನೀನ ಮೂಸಿ ನೋಡು. ನನ್ನ ಮೂಗು ಸತ್ತೈತಿ. ಇವತ್ತ ಇಂಥಾ ಗಾಡಿಗೆ ನಿನ್ನ ನಾನ ಹತ್ತಸಿದ್ನಿ."