ಲಾಲಮ್ಮನ ಇನ್ನೂರು ರೊಟ್ಟಿ

ಪುಕ್ಕಟೆ ಕೊಡುವವರನ್ನು ಲಾಲಮ್ಮ ನಂಬುತ್ತಿರಲಿಲ್ಲ. ಕಡಿಮೆ ಬಡ್ಡಿಗೆ ಕೊಡುವವರನ್ನಂತೂ ಇನ್ನೂ ನಂಬುತ್ತಿರಲಿಲ್ಲ. ಪುಕ್ಕಟೆ ಕೊಟ್ಟವನು ಒಮ್ಮೆ ಫೋಟೊ ಹೊಡೆಸಿಕೊಂಡು ಹೋಗಿಬಿಡುತ್ತಾನೆ, ಕಡಿಮೆ ಬಡ್ಡಿಯವನು ಮತ್ತೆ ಮತ್ತೆ ಬರುತ್ತಾನೆ ಎಂಬುದು ಅವಳು ಕಂಡುಕೊಂಡ ಸತ್ಯ. ಆದ್ದರಿಂದ, ರೊಟ್ಟಿ ಮಷೀನಿಗೆ ಕಡಿಮೆ ಬಡ್ಡಿಯ ಸಾಲ ಕೊಡುವ ಸೇಡಮ್ಮಿನ ಸಂಸ್ಥೆಯಿಂದ ಗುರುವಾರ ಒಬ್ಬಳು ಹುಡುಗಿ ಮನೆ ನೋಡಲು ಬರುತ್ತಾಳೆ ಎಂದು ಫೋನು ಬಂದಾಗ ಅವಳು ಮಂಗಳವಾರದಿಂದಲೇ ಮನೆ ಖಾಲಿ ಮಾಡತೊಡಗಿದಳು.

ಮೊದಲು ಟಿ.ವಿ. ಹೋಯಿತು. ಆಮೇಲೆ ಮಿಕ್ಸಿ, ಜೋಳದ ಹಿಟ್ಟಿನ ಎರಡು ಚೀಲ, ಗ್ಯಾಸಿನ ಸಿಲಿಂಡರು. ಎಲ್ಲವನ್ನೂ ಗೋಡೆಗೆ ಗೋಡೆ ಹಚ್ಚಿಕೊಂಡಿದ್ದ ಆಶಾಬಿಯ ಮನೆಗೆ ಸಾಗಿಸಿದಳು. ರೇಷನ್ ಕಾರ್ಡಿನ ಸರ್ವೇಗೆ ಬಂದಾಗ ಹೀಗೆ ಮಾಡಿದ್ದಕ್ಕೇ ಕಾರ್ಡು ಉಳಿದಿತ್ತು. ಆವತ್ತು ಟೇಬಲ್ ಫ್ಯಾನನ್ನು ಧಿಮಾಕಿನಿಂದ ತಿರುಗಲು ಬಿಟ್ಟಿದ್ದ ಮೂಲೆಮನೆಯವರ ಕಾರ್ಡು ರದ್ದಾಗಿದ್ದನ್ನು ಇಡೀ ಓಣಿ ನೋಡಿತ್ತು.

ಕೊನೆಗೆ ಬುಧವಾರ ಸಂಜೆ ಅವಳು ಸೊಸೆಯನ್ನೂ ಸಾಗಿಸಲು ಅಣಿಯಾದಳು.

"ನಾಳಿ ನಸುಕಿನಾಗ ಎದ್ದು ಆಶಾಬಿ ಮನಿಗಿ ಹೋಗಿ ಕುಂದ್ರು," ಎಂದಳು ಕರುಣಾಳಿಗೆ. "ಆಕಿ ಹೋಗೋತನಕ ಈ ಕಡಿ ಮುಖ ತೋರಸಬ್ಯಾಡ."

"ನಾ ಏನು ಸಿಲಿಂಡರೇನ್ರಿ ಅತ್ತಿ?"

"ನಾಕು ಕೈ ದುಡಿಯೋ ಮನಿಗಿ ಮಷೀನು ಎದಕ್ಕ ಅಂತಾರ. ನಾ ಒಬ್ಬಾಕೇ ಬಡೀತೀನಿ ಅಂತ ಫೋನಿನಾಗ ಹೇಳೀನಿ. ತಿಳೀತಿಲ್ಲೊ?"

ಹೇಳದೆ ಉಳಿಸಿಕೊಂಡ ಕಾರಣ ಇನ್ನೊಂದಿತ್ತು. ಕರುಣಾ ಪಿಯುಸಿ ಪಾಸಾದವಳು. ಬರುವವಳೂ ಓದಿದ ಹುಡುಗಿ. ಓದಿದ ಇಬ್ಬರು ಹೆಣ್ಣುಮಕ್ಕಳನ್ನು ಒಂದು ಒಲೆಯ ಮುಂದೆ ಕೂಡಿಸಿದರೆ ಹೊಗೆ ಯಾವ ಕಡೆ ಹೋಗುತ್ತದೆಂದು ಹೇಳಲಾಗದು.

ಮಷೀನು ಮಾತ್ರ ಅವಳಿಗೆ ಬೇಕೇ ಬೇಕಿತ್ತು. ಬಸ್‌ಸ್ಟ್ಯಾಂಡಿನ ಖಾನಾವಳಿಯ ಚಾಂದ್ ದಿನಕ್ಕೆ ಇನ್ನೂರು ರೊಟ್ಟಿ ಒಯ್ಯುತ್ತಿದ್ದವನು ಮುಂದಿನ ತಿಂಗಳಿನಿಂದ ಐನೂರು ಬೇಕು ಎಂದಿದ್ದ. "ನಿನ್ನ ಕೈಲಿ ಆಗಂಗಿಲ್ಲಂದ್ರ ಹೇಳು ಅವ್ವಾ. ಚಿಂಚೋಳಿಯಾಗ ಮಷೀನು ಇಟ್ಟೋರು ಒಬ್ರು ಅದಾರ. ಎಲ್ಲಾ ಅಲ್ಲೇ ತೊಗೋತೀನಿ," ಎಂದೂ ಹೇಳಿದ್ದ. ಐನೂರು ಆಗದಿದ್ದರೆ ಇನ್ನೂರೂ ಇಲ್ಲ. ಅದರ ಮೇಲೆ ಅವಳ ಬಲಗೈ ಮಣಿಕಟ್ಟು ವರ್ಷದಿಂದ ಬಾತುಕೊಂಡಿತ್ತು. ಬೆಳಿಗ್ಗೆ ಎದ್ದ ಕೂಡಲೇ ಬಿಸಿನೀರಿನಲ್ಲಿ ಅದ್ದದೆ ಬೆರಳು ಮಡಚಲು ಬರುತ್ತಿರಲಿಲ್ಲ.

ಬ್ಯಾಂಕಿನವರು ಹೊಲದ ಪಹಣಿ ಕೇಳಿದ್ದರು. ಹೊಲವಿರಲಿಲ್ಲ. ವಾರದ ಕಂತಿನ ಗುಂಪುಸಾಲವನ್ನು ಅವಳೇ ಬೇಡವೆಂದಳು. ಏಳು ವರ್ಷದ ಹಿಂದೆ ಅಂಥ ಗುಂಪಿನಲ್ಲಿದ್ದಾಗ ಬಿಬಿಜಾನ್ ಎರಡು ಕಂತು ತಪ್ಪಿಸಿದ್ದಳು. ವಸೂಲಿಯವನು ಉಳಿದ ಒಂಬತ್ತು ಹೆಂಗಸರನ್ನು ಅವಳ ಹೊಸ್ತಿಲ ಮುಂದೆ ಕೂಡಿಸಿದ್ದ. ಲಾಲಮ್ಮನೂ ಸಂಜೆಯವರೆಗೆ ಕುಳಿತಿದ್ದಳು. ಬಿಬಿಜಾನ್ ಅವರೆಲ್ಲರಿಗೂ ಚಹಾ ಮಾಡಿ ಕೊಟ್ಟು, ಮರುದಿನ ಹೊಲಿಗೆ ಮಷೀನು ಮಾರಿದಳು. ಆ ಚಹಾ ಕುಡಿದ ಮೇಲೆ ಲಾಲಮ್ಮ ಯಾವ ಕಾಗದಕ್ಕೂ ರುಜು ಹಾಕಿರಲಿಲ್ಲ.

ಗುರುವಾರ ಬೆಳಿಗ್ಗೆ ಏಳಕ್ಕೆ ಸ್ಕೂಟಿಯ ಸಪ್ಪಳವಾಯಿತು. ಬಂದವಳ ಹೆಸರು ಲುಂಬಿನಿ. ಹೆಗಲಿಗೆ ಚೀಲ, ಕೈಯಲ್ಲೊಂದು ಲೆಕ್ಕದ ವಹಿ.

"ಬರ್ರಿ ಅಕ್ಕೋರ, ಕುಂದ್ರಿ. ಬಡವರ ಮನಿ ನೋಡ್ರಿ, ಏನೂ ಇಲ್ಲ."

ಲುಂಬಿನಿ ಸುತ್ತ ನೋಡಿದಳು. ಗೋಡೆಯ ಮೇಲೆ ಟಿ.ವಿ. ಇದ್ದ ಜಾಗ ಚೌಕಾಗಿ ಬೆಳ್ಳಗೆ ಹೊಳೆಯುತ್ತಿತ್ತು. ಅವಳು ಆ ಬಗ್ಗೆ ಏನೂ ಅನ್ನಲಿಲ್ಲ. ಅದೇ ಲಾಲಮ್ಮನಿಗೆ ಮೊದಲ ಗುಮಾನಿ. ನೋಡಿಯೂ ಕೇಳದವರು ಎಲ್ಲೋ ಬರೆದಿಟ್ಟುಕೊಳ್ಳುತ್ತಾರೆ.

"ನಾ ಭಾಳ ಏನೂ ಕೇಳಂಗಿಲ್ರಿ ಅಮ್ಮಾ," ಎಂದಳು ಲುಂಬಿನಿ. "ದಿನಾ ಹೆಂಗ ಮಾಡ್ತೀರೋ ಹಂಗೇ ಮಾಡ್ರಿ. ಒಂದೆರಡು ತಾಸು ಇಲ್ಲೇ ಮೂಲ್ಯಾಗ ಕುಂತು ನೋಡ್ತೀನಿ."

ಇದು ಎಂಥಾ ಸಾಲ? ಲಾಲಮ್ಮನಿಗೆ ಎರಡನೆಯ ಗುಮಾನಿ ಬಂತು. ಸಾಲ ಕೊಡುವವರು ಆಧಾರ್ ಕಾರ್ಡು ನೋಡುತ್ತಾರೆ, ಬಂಗಾರ ನೋಡುತ್ತಾರೆ. ರೊಟ್ಟಿ ಬಡಿಯುವುದನ್ನು ಯಾಕೆ ನೋಡುತ್ತಾರೆ?

ಒಲೆ ಹೊತ್ತಿಸಲು ಕುಳಿತರೆ ತೊಗರಿಕಟ್ಟಿಗೆ ಇರಲಿಲ್ಲ. ಅದು ಹಿತ್ತಲಲ್ಲಿತ್ತು. ದಿನಾ ಅವಳು ಏಳುವ ಹೊತ್ತಿಗೆ ಒಲೆಯ ಬಾಯಿಯಲ್ಲೇ ಇರುತ್ತಿತ್ತು. ತಂದಳು. ಹಿಟ್ಟಿಗೆ ಹಾಕುವ ಎಸರಿಗೆ ನೀರಿಡಲು ಹೋದರೆ ಕೊಡ ತಳ ಕಂಡಿತ್ತು. ಐದು ಗಂಟೆಗೆ ಬಂದ ನಳ ಆರಕ್ಕೇ ಹೋಗಿಬಿಟ್ಟಿತ್ತು. ಬೋರಿಂಗಿಗೆ ಹೋಗಿ ಎರಡು ಕೊಡ ತರುವಷ್ಟರಲ್ಲಿ ಮಣಿಕಟ್ಟು ಜುಮುಜುಮು ಅನ್ನತೊಡಗಿತು. ಹಿಟ್ಟು ನಾದಿ, ಮೊದಲ ರೊಟ್ಟಿಯನ್ನು ಪರಸಿ ಕಲ್ಲಿನ ಮೇಲೆ ಬಡಿಯುತ್ತಿದ್ದಾಗ ಗಂಡ ಜಗದೇವಪ್ಪ ಬಚ್ಚಲಿನಿಂದ ಕೂಗಿದ.

"ನೀರು ಕಾಸಿಲ್ಲೇನಲೇ?"

ಕಾಸಿದಳು. ನಾಲ್ಕನೆಯ ರೊಟ್ಟಿಗೆ ಮಗ ಸುರೇಶಕುಮಾರ ಎದ್ದು ಬಂದ. ಅವನು ಚಿಮ್ಮನಚೋಡಕ್ಕೆ ಟಂಟಂ ಆಟೊ ಹೊಡೆಯುವವನು.

"ಕರುಣಾ ಎಲ್ಲಿ? ನನ್ನ ಡಬ್ಬಿ?"

"ಊರಿಗಿ ಹೋಗ್ಯಾಳಲ್ಲೊ, ಮರತಿ?" ಎಂದು ಲಾಲಮ್ಮ ಕಣ್ಣು ಬಿಟ್ಟಳು. ಅವನು ಲುಂಬಿನಿಯನ್ನು ನೋಡಿ, ತಾಯಿಯನ್ನು ನೋಡಿ, "ಹಾಂ, ಹೌದ ಹೌದ," ಎಂದು ತಲೆ ಕೆರೆದುಕೊಂಡ. ಡಬ್ಬಿ ಮಾತ್ರ ಬಿಡಲಿಲ್ಲ. ಬದನೆಕಾಯಿ ಹೆಚ್ಚಿ ಒಗ್ಗರಣೆ ಹಾಕುವಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಕರಕಲಾಯಿತು. ಅದನ್ನು ಎತ್ತಿಹಾಕುವಷ್ಟರಲ್ಲಿ ಒಲೆ ಕೆಟ್ಟಿತು. ಒಲೆ ಊದುವಷ್ಟರಲ್ಲಿ ನಾದಿದ ಹಿಟ್ಟು ಬಿರುಕು ಬಿಟ್ಟಿತು. ಬೆಂದ ರೊಟ್ಟಿಯನ್ನು ಒಲೆಯ ಸುತ್ತ ನಿಲ್ಲಿಸಿ ಖಡಕ್ ಮಾಡಬೇಕು, ಮಗ್ಗಲು ತಿರುವುತ್ತ ಇರಬೇಕು, ಆರಿದ್ದನ್ನು ಒಟ್ಟಬೇಕು. ಒಂದು ಕೈಯಲ್ಲಿ ಬಡಿಯುತ್ತ ಇನ್ನೊಂದು ಕೈಯಲ್ಲಿ ಇವನ್ನೆಲ್ಲ ತಾನು ದಿನಾ ಹೇಗೆ ಮಾಡುತ್ತಿದ್ದೆ ಎಂದು ಯೋಚಿಸಿದರೆ ಲಾಲಮ್ಮನಿಗೆ ನೆನಪಾಗಲಿಲ್ಲ. ಅವಳು ಮಾಡಿರಲಿಲ್ಲ. ಅವಳು ಬಡಿದಿದ್ದಳು, ಅಷ್ಟೆ.

ಒಂಬತ್ತೂವರೆಗೆ ಲುಂಬಿನಿ ಎದ್ದು ರೊಟ್ಟಿ ಎಣಿಸಿದಳು. ನಲವತ್ತಾರು.

"ಇವತ್ತ ಕೈ ನೂಸ್ತದ್ರಿ," ಎಂದಳು ಲಾಲಮ್ಮ.

"ಕೈ ನೋವು ಖರೇ ಅದ. ಕಾಣ್ತದ." ಲುಂಬಿನಿ ಮತ್ತೆ ಕುಳಿತಳು. "ಆದ್ರ ಅಮ್ಮಾ, ನಲವತ್ತಾರು ರೊಟ್ಟಿಗಿ ಮಷೀನಿನ ಸಾಲ ನಾ ಬರೀಲಿಕ್ಕ ಬರಂಗಿಲ್ಲ. ಚಾಂದ್ ಅವರನ್ನ ಕೇಳೇ ಬಂದೀನಿ. ದಿನಾ ಇನ್ನೂರು ಎಣಿಸಿ ತೊಗೋತೀನಿ ಅಂದ್ರು. ಉಳಿದದ್ದು ಯಾರು ಮಾಡ್ತಾರ?"

ಲಾಲಮ್ಮ ಹಂಚು ಒರೆಸಿದಳು.

"ಒಲಿ ಎರಡು ಅವ. ಕಲ್ಲು ಎರಡು. ಎರಡನೇ ಕಲ್ಲಿಗಿ ಹಿಟ್ಟು ಇನ್ನಾ ಅಂಟಿಕೊಂಡೇ ಅದ. ನಿನ್ನಿ ಬಡದಿದ್ದು," ಎಂದಳು ಲುಂಬಿನಿ. ದನಿಯಲ್ಲಿ ಬೈಗುಳ ಇರಲಿಲ್ಲ. "ಆಕಿ ಹೆಸರು ಹೇಳ್ರಿ. ಆಕಿದೂ ಬರೀತೀನಿ. ಹನ್ನೊಂದಕ್ಕ ನಾ ವಾಪಸ್ ಸೇಡಮ್ಮಿಗಿ ಹೋಗಬೇಕು. ಇವತ್ತ ಬಿಟ್ರ ನಮ್ಮ ಕಮಿಟಿ ಮತ್ತ ಮೂರು ತಿಂಗಳಿಗೇ."

"ಬರದ್ರ ಏನಾಗ್ತದ?"

"ಸಾಲ ಇಬ್ಬರ ಹೆಸರೀಲೆ. ಮಷೀನೂ ಇಬ್ಬರದು. ಬಂದ ರೊಕ್ಕಾನೂ ಇಬ್ಬರ ಖಾತೇಕ್ಕ, ಸಮ ಸಮ."

"ಮನಿಮಂದಿಗಿ ಎಂಥಾ ಹೆಸರ್ರಿ? ಇದು ಮನಿ ಒಡಿಯೋ ಕೆಲಸ ಅಲ್ಲೇನು?"

"ನೀವು ಬ್ಯಾಡಂದ್ರ ಬ್ಯಾಡ್ರಿ. ಒತ್ತಾಯ ಇಲ್ಲ."

ಒತ್ತಾಯ ಮಾಡಿದ್ದರೆ ಲಾಲಮ್ಮ ಬಾಗಿಲು ತೋರಿಸಿ ಕಳಿಸುತ್ತಿದ್ದಳು. ಒತ್ತಾಯವಿಲ್ಲ ಎಂದದ್ದೇ ಅವಳನ್ನು ಕಟ್ಟಿಹಾಕಿತು. ಈ ಮನೆಗೆ ಸೊಸೆಯಾಗಿ ಬಂದಾಗ ಅವಳಿಗೂ ಇಂಥದೇ ಒಂದು ಕಲ್ಲು ಸಿಕ್ಕಿತ್ತು. ಅತ್ತೆ ಬಡಿದದ್ದು ಮೂವತ್ತು, ಅವಳು ಬಡಿದದ್ದು ಎಂಬತ್ತು. ರೊಕ್ಕ ಮಾತ್ರ ಅತ್ತೆಯ ಸೊಂಟದ ಸಂಚಿಗೆ. ಬಾಣಂತನದಲ್ಲಿ ಹದಿನೈದನೆಯ ದಿನಕ್ಕೆ ಒಲೆಯ ಮುಂದೆ ಕುಳಿತಿದ್ದಳು. ಒಂದು ಜೊತೆ ಚಪ್ಪಲಿ ಬೇಕೆಂದು ಕೇಳಲು ಎರಡು ವರ್ಷ ಧೈರ್ಯ ಸಾಲಲಿಲ್ಲ. ಅತ್ತೆ ತೀರಿಕೊಂಡ ದಿನ ಎಲ್ಲರೂ ಅಳುತ್ತಿರುವಾಗ ಲಾಲಮ್ಮ ಅಳುತ್ತಲೇ ಆ ಸಂಚಿಯನ್ನು ಬಿಚ್ಚಿಕೊಂಡಿದ್ದಳು. ಹದಿನೆಂಟು ವರ್ಷ ಕಾದು ಪಡೆದ ಪಾಳಿ ಅದು. ಈಗ ವಹಿ ಹಿಡಿದ ಹುಡುಗಿಯೊಬ್ಬಳು ಬಂದು, ಸೊಸೆಗೆ ಕಾಯುವುದೇ ಬೇಡ ಅನ್ನುತ್ತಿದ್ದಾಳೆ. ಅನ್ಯಾಯವಲ್ಲವೇ? ಯಾರಿಗೆ ಅನ್ಯಾಯ ಎಂದು ಮಾತ್ರ ಅವಳಿಗೆ ತಟ್ಟನೆ ಹೊಳೆಯಲಿಲ್ಲ.

ಬಾತ ಕೈಯನ್ನು ಸೆರಗಿನಲ್ಲಿ ಒರೆಸಿಕೊಂಡು ಆಶಾಬಿಯ ಮನೆಗೆ ಹೋದಳು.

ಕರುಣಾ ಗೋಡೆಗೆ ಒರಗಿ ಕಾಲು ಚಾಚಿ ಕುಳಿತಿದ್ದಳು. ಮುಂದೆ ಚಹಾದ ಕಪ್ಪು ಬಸಿ. ಎದುರಿಗೆ ಲಾಲಮ್ಮನದೇ ಟಿ.ವಿ. ನಡೆದಿತ್ತು. ಬೆಳಗಿನ ಹೊತ್ತು ಸೊಸೆಯ ಅಂಗಾಲು ನೋಡಿದ್ದು ಲಾಲಮ್ಮನಿಗೆ ಇದೇ ಮೊದಲು.

"ಏಳು. ಬಾ."

"ಹೋದ್ರೇನ್ರಿ ಅವ್ರು?"

"ಇಲ್ಲ. ನಿನ್ನ ಹೆಸರು ಬರಿಬೇಕಂತ ಕುಂತಾಳ. ಸಾಲದಾಗ."

ಸೊಸೆ ಹಿಗ್ಗುತ್ತಾಳೆ ಎಂದುಕೊಂಡಿದ್ದಳು. ಕರುಣಾ ಏಳಲೇ ಇಲ್ಲ. "ಯಾಕ? ಮಷೀನು ಕೆಟ್ರ ವಸೂಲಿಗಿ ಬಂದೋರಿಗಿ ನನ್ನ ತೋರಸಲಿಕ್ಕೇನ್ರಿ? ನಿನ್ನಿತನಕ ಮಿಕ್ಸಿ ಜೋಡಿ ಮುಚ್ಚಿ ಇಟ್ರಿ. ಇವತ್ತ ಮಾಲಕಿ ಅಂತೀರಿ."

ಲಾಲಮ್ಮ ತಬ್ಬಿಬ್ಬಾದಳು. ತನ್ನನ್ನೂ ಯಾರೋ ಗುಮಾನಿಯಿಂದ ನೋಡಬಹುದೆಂದು ಅವಳು ಲೆಕ್ಕ ಹಾಕಿರಲಿಲ್ಲ.

ಸೀರೆಗೆ ಫಾಲು ಹಚ್ಚುತ್ತಿದ್ದ ಆಶಾಬಿ ಹಲ್ಲಿನಿಂದ ದಾರ ಕಡಿದಳು. "ಅರೇ ಲಾಲವ್ವ, ಸೊಸಿ ನಿನ್ನ ಹಂಗೇ ಹುಶಾರ್ ಅದಾಳಲ್ಲ!"

"ನೀ ಸುಮ್ಮನಿರು ಆಪಾ. ರೊಕ್ಕ ಸಮ ಸಮ ಅಂತ, ಕರುಣಾ. ನಿನ್ನ ಖಾತೇಕ್ಕೇ ಬರ್ತದ."

"ರೊಕ್ಕ ಇರಲಿ. ನೀರು?"

"ಎಂಥಾ ನೀರು?"

"ನಸುಕಿನಾಗ ಐದಕ್ಕ ಎದ್ದು ಹದಿನಾಕು ಕೊಡ ತರತೀನಿ. ಆಮ್ಯಾಲ ರೊಟ್ಟಿ. ಮಷೀನು ಬಂದು ಐನೂರು ಆದ್ರ ನೀರೂ ಡಬ್ಬಲ್ ಬೇಕು. ಇನ್ನ ಮ್ಯಾಲ ನೀರು ತುಂಬೋದು ನಿಮ್ಮ ಮಗಂದು. ಟಂಟಂ ಹೋಗೋದು ಎಂಟೂವರಿಗಿ, ಏಳೂವರಿತನಕ ಮಲಗಿರ್ತಾರ. ಅದನ್ನ ಕಾಗದದಾಗ ಬರೀಲಿ. ಅಂದ್ರ ಬರ್ತೀನಿ."

"ನನ್ನ ಮಗ ಕೊಡ ಹೊರಬೇಕ? ಓಣಿ ಮಂದಿ ನೋಡ್ಲಿಕ್ಕ?"

"ನಾ ಹೊರೋದು ಓಣಿ ಮಂದಿ ದಿನಾ ನೋಡ್ತಾರ್ರಿ. ಯಾರ ಕಣ್ಣೂ ಹೋಗಿಲ್ಲ."

"ಪ್ಲಾಸ್ಟಿಕ್ ಕೊಡ ಅದ ಲಾಲವ್ವ," ಎಂದಳು ಆಶಾಬಿ. "ಗಂಡಸ್ರು ಹೊತ್ರೂ ಒಡ್ಯಂಗಿಲ್ಲ ತೊಗೊ."

ಖಾತೆಯ ಅರ್ಧ ರೊಕ್ಕ ಬಿಟ್ಟುಕೊಡುವುದು ಲಾಲಮ್ಮನಿಗೆ ಇದಕ್ಕಿಂತ ಹಗುರವಾಗಿತ್ತು. ರೊಕ್ಕ ಯಾರಿಗೂ ಕಾಣುವುದಿಲ್ಲ, ಕೊಡ ಹೊತ್ತ ಮಗ ಕಾಣುತ್ತಾನೆ. ಇವಳೂ ಆ ಹುಡುಗಿಯೂ ಮೊದಲೇ ಫೋನಿನಲ್ಲಿ ಮಾತಾಡಿಕೊಂಡಿರಬೇಕು ಎಂದೂ ಅನ್ನಿಸಿತು. ಆದರೆ ಹನ್ನೊಂದಕ್ಕೆ ಇನ್ನು ಮುಕ್ಕಾಲು ತಾಸಿತ್ತು, ಮಣಿಕಟ್ಟು ಕಾದ ಹಂಚಿನಂತೆ ಉರಿಯುತ್ತಿತ್ತು.

"ಏಳು. ಬರಸ್ಕೊ ನಡಿ, ಏನು ಬರಸ್ಕೋತಿ," ಎಂದಳು.

ಲುಂಬಿನಿ ಕರುಣಾಳ ಮಾತು ಕೇಳಿ ಫಾರಮ್ಮನ್ನು ಮೇಲಿನಿಂದ ಕೆಳಗೆ ನೋಡಿದಳು. "ನಮ್ಮ ಫಾರಮ್ಮಿನಾಗ ನೀರಿಗಿ ಜಾಗಾನೇ ಇಲ್ಲ ನೋಡ್ರಿ," ಎಂದು, ಕೆಳಗೆ ಖಾಲಿ ಬಿಟ್ಟಿದ್ದಲ್ಲಿ ಒತ್ತೊತ್ತಾಗಿ ಬರೆದಳು. ಆಮೇಲೆ ಇಡೀ ಕಾಗದ ಓದಿ ಹೇಳಿದಳು. ಲಾಲಮ್ಮನಿಗೆ ತನ್ನ ಹೆಸರು ಬರೆಯಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಕಾಗದವನ್ನು ಕರುಣಾಳ ಕೈಗೆ ಕೊಟ್ಟು, "ನೀ ಓದು," ಎಂದಳು. ಕರುಣಾಳೂ ಅದನ್ನೇ ಓದಿದಳು, ಒಂದು ಅಕ್ಷರ ಹೆಚ್ಚು ಕಡಿಮೆಯಾಗದಂತೆ. ಅದರಿಂದ ಗುಮಾನಿ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಇಬ್ಬರೂ ಒಂದಾಗಿದ್ದರೆ ಒಂದೇ ಥರ ಓದದೆ ಇನ್ನೇನು?

ಕಾಗದ ಹಿಡಿದು ಹೊರಗೆ ಹೋದಳು. ಜಗದೇವಪ್ಪ ಕಟ್ಟೆಯ ಮೇಲೆ ಕುಳಿತು ಬಿಸಿಲು ಕಾಯಿಸಿಕೊಳ್ಳುತ್ತಿದ್ದ. ನಾಲ್ಕನೆಯ ತರಗತಿಯವರೆಗೆ ಓದಿದವನು.

"ಇದರಾಗ ಏನದ, ಓದ್ರಿ."

ಅವನು ಕಾಗದವನ್ನು ದೂರ ಹಿಡಿದು, ಅಕ್ಷರಕ್ಕೆ ಅಕ್ಷರ ಕೂಡಿಸುತ್ತ ಸಾಲದ ಮೊತ್ತ ಓದಿದ, ಇಬ್ಬರ ಹೆಸರು ಓದಿದ. ಅದಕ್ಕೆಲ್ಲ ಹೂಂ ಎಂದ. ಕೊನೆಯ ಸಾಲಿಗೆ ಬಂದು ನಿಂತ. ಮತ್ತೆ ಮೊದಲಿನಿಂದ ಕೂಡಿಸಿದ.

"ಸು-ರೇ-ಶ-ಕು-ಮಾ-ರ... ದಿನಾ ನೀರು... ಇದೇನಲೇ ಇದು? ಯಾವ ಹಲ್ಕಟ್ ಬರದಾಳ ಇದನ್ನ? ಗಂಡಸ್ಮಗ ನಳದ ಮುಂದ ಪಾಳಿ ಹಚ್ಚಬೇಕಾ? ನಾಳಿ ನನಗೂ ಒಂದು ಕೊಡ ಕೊಡ್ತೀರೇನು?"

ಅವನ ಕೊರಳ ನರ ಉಬ್ಬಿದ್ದನ್ನು ಲಾಲಮ್ಮ ನಿಂತು ನೋಡಿದಳು. ಇಷ್ಟು ಸಿಟ್ಟು ಸುಳ್ಳು ಕಾಗದಕ್ಕೆ ಬರುವಂಥದಲ್ಲ. ಒಳಗಿನವರಿಬ್ಬರೂ ಓದಿದ್ದು ಖರೇ ಎಂದು ಅವಳಿಗೆ ಆಗ ನಂಬಿಕೆಯಾಯಿತು. ಅವನ ಕೈಯಿಂದ ಕಾಗದ ಕಸಿದುಕೊಂಡು ಒಳಗೆ ಹೋದಳು. ಮೊದಲು ಕರುಣಾಳ ರುಜು ಹಾಕಿಸಿ, ಅದರ ಕೆಳಗೆ, ಬಲಗೈ ಏಳದ ಕಾರಣ ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡು, ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಬರೆದಳು.