ಉಸಿರು ಹಿಡಿಯಿರಿ, ನೀವೆಲ್ಲರೂ

ಕುರ್ಚಿಯಲ್ಲಿ ಕುಳಿತಿದ್ದ ಹಿರಿಯರು ಮೆಲ್ಲಗೆ ಕತ್ತು ತಿರುಗಿಸಿ ತಮ್ಮ ಹಿಂದೆ ನೋಡಿದರು. ಹಿಂದೆ ಬಿಳಿ ಗೋಡೆ, ಕೋಟು ನೇತುಹಾಕಲು ಒಂದು ಕೊಕ್ಕೆ, ಅಷ್ಟೇ. ಮತ್ತೆ ನನ್ನತ್ತ ತಿರುಗಿ ಕೇಳಿದರು: “ಇನ್ಯಾರಿದ್ದಾರೆ ಇಲ್ಲಿ?”

ನಾನು ಹೇಳಿದ್ದು ಒಂದೇ ವಾಕ್ಯ: ನೀವು ಉಸಿರು ಒಳಗೆಳೆದು ಹಿಡಿದುಕೊಳ್ಳುತ್ತೀರಾ? ಡಚ್ ಭಾಷೆಯಲ್ಲಿ, ಒಂದು ಪದ ಬಿಟ್ಟರೆ ಉಳಿದದ್ದೆಲ್ಲ ಸರಿಯಾಗಿಯೇ ಹೇಳಿದ್ದೆ.

ಅದು ಆಯ್ಕೆಯ ದಿನ. ಎಕ್ಸ್‌ರೇ, ಸ್ಕ್ಯಾನಿಂಗ್ ಮಾಡುವವರನ್ನು ತಯಾರು ಮಾಡುವ ನಾಲ್ಕು ವರ್ಷದ ಪದವಿಗೆ ನಾನು ಅರ್ಜಿ ಹಾಕಿದ್ದೆ. ಇಂಥ ಉದ್ಯೋಗ ಶಿಕ್ಷಣದ ಕಾಲೇಜನ್ನು ಇಲ್ಲಿ ಹೋಖೆಸ್ಖೋಲ್ ಎನ್ನುತ್ತಾರೆ. ಸೀಟುಗಳು ಕಡಿಮೆ, ಅಂಕಪಟ್ಟಿ ಮಾತ್ರ ಸಾಲದು, ರೋಗಿಯ ಜೊತೆ ಹೇಗೆ ಮಾತಾಡುತ್ತೀರಿ ಎಂಬುದನ್ನೂ ನೋಡುತ್ತಾರೆ. ಆ ಹಿರಿಯರು ರೋಗಿಯ ಪಾತ್ರ ವಹಿಸಲು ಬಂದಿದ್ದ ಸ್ವಯಂಸೇವಕರು. ಪಕ್ಕದಲ್ಲಿ ಪರೀಕ್ಷಕಿ, ಕೈಯಲ್ಲಿ ಪೆನ್ನು.

ಮೈಸೂರಿನಲ್ಲಿ ಭೌತಶಾಸ್ತ್ರದ ಎಂಎಸ್ಸಿ ಮುಗಿಸಿ, ಮದುವೆಯಾಗಿ ಆಮರ್ಸ್‌ಫೋರ್ಟ್ ಎಂಬ ಈ ಡಚ್ ಊರಿಗೆ ಬಂದವಳು ನಾನು. ಗಂಡ ದಿನವೂ ರೈಲಿನಲ್ಲಿ ಆಮ್ಸ್ಟರ್‌ಡ್ಯಾಮಿಗೆ ಕೆಲಸಕ್ಕೆ ಹೋಗುತ್ತಿದ್ದರು. ಮೊದಲ ಚಳಿಗಾಲದಲ್ಲಿ ಎಷ್ಟೋ ವಾರ ನಾನಾಡಿದ ಡಚ್ ಮಾತು ಒಂದೇ: ಅಂಗಡಿಯಾಕೆ ಬಿಲ್ ಬೇಕೇ ಎಂದಾಗ “ಬೇಡ, ಧನ್ಯವಾದ.” ಮೈಸೂರಿನ ನಮ್ಮ ಬೀದಿಯಲ್ಲಿ ಹೊಸಬರು ಬಂದ ಮಧ್ಯಾಹ್ನದೊಳಗೆ ಅವರ ಊರು, ಕೆಲಸ, ಮಕ್ಕಳ ಸಂಖ್ಯೆ ಎಲ್ಲರಿಗೂ ಗೊತ್ತಾಗುತ್ತಿತ್ತು. ಇಲ್ಲಿ ಮೆಟ್ಟಿಲ ಮೇಲೆ ಸಿಕ್ಕವರು ನಕ್ಕು ದಾರಿ ಬಿಡುತ್ತಿದ್ದರು. ಯಾರೂ ಏನೂ ಕೇಳದಿರುವುದು ಮಾತು ಕಡಿಮೆಯ ನನ್ನಂಥವಳಿಗೆ ಮೊದಲು ನೆಮ್ಮದಿಯಾಗಿಯೇ ಇತ್ತು. ಆಮೇಲೆ ಇರಲಿಲ್ಲ.

ಗ್ರಂಥಾಲಯದಲ್ಲಿ ಡಚ್ ಕಲಿಯಲು ಹೆಸರು ಬರೆಸಿದ ಮೇಲೆ ರೀಟ್ ಸಿಕ್ಕರು. ಅವರು ನನ್ನ ಟಾಲ್‌ಮಾಟ್ಯೆ, ಎಂದರೆ ಭಾಷೆ ಕಲಿಯಲು ಜೊತೆಯಾಗುವ ಗೆಳತಿ. ಎಪ್ಪತ್ತು ದಾಟಿದವರು, ಒಂಟಿಯಾಗಿರುವವರು. ಎರಡು ವರ್ಷ ಪ್ರತಿ ಮಂಗಳವಾರ ತಮ್ಮ ಅಡುಗೆಮನೆಯ ಮೇಜಿನ ಮೇಲೆ ನನ್ನ ವಾಕ್ಯಗಳನ್ನು ತಿದ್ದಿದರು. ಒಂದರಲ್ಲಿ ಮಾತ್ರ ನಾನು ಅವರಿಗೆ ಬಗ್ಗಲಿಲ್ಲ. ಡಚ್ಚಿನಲ್ಲಿ ‘ಯೆ’ ಎಂದರೆ ನೀನು, ‘ಊ’ ಎಂದರೆ ಮರ್ಯಾದೆಯ ನೀವು.

“ನನಗೆ ಊ ಅನ್ನಬೇಡ. ಬ್ಯಾಂಕಿನಿಂದ ಕಾಗದ ಬಂದ ಹಾಗಿರುತ್ತೆ,” ಎಂದು ರೇಗುತ್ತಿದ್ದರು.

“ಬಾಯಿಗೆ ಬರೋಲ್ಲ ರೀಟ್.”

“ಸರಿ, ಸೀಟು ಸಿಕ್ಕ ಮಾರನೆಯ ದಿನ ಯೆ ಅನ್ನಬೇಕು. ಒಪ್ಪಿಗೆನಾ?”

ಒಪ್ಪಿದ್ದೆ.

ಅಮ್ಮನಿಗೆ ಈ ಓದು ಇಷ್ಟವಿರಲಿಲ್ಲ. “ಅಲ್ಲ ಕಣೇ, ಎಂಎಸ್ಸಿ ಮಾಡ್ಕೊಂಡು ಮತ್ತೆ ಫಸ್ಟ್ ಇಯರಾ? ಅದೂ ಎಕ್ಸ್‌ರೇ ತೆಗೆಯೋಕೆ?” ಎಂದು ಫೋನಿನಲ್ಲಿ ಕೇಳಿದರು. ವಿಕಿರಣದ ಗಣಿತ ನನಗೆ ಗೊತ್ತು, ಅದನ್ನು ಮನುಷ್ಯರ ಹತ್ತಿರ ಒಯ್ಯಬೇಕು ಎಂದೆ. ಅದು ಅರ್ಧ ಸತ್ಯ.

ಉಳಿದರ್ಧವನ್ನು ಅರ್ಜಿಯ ಪತ್ರದಲ್ಲಿಯೂ ಬರೆದಿರಲಿಲ್ಲ. ನಾನು ಹತ್ತನೆಯ ತರಗತಿಯಲ್ಲಿದ್ದಾಗ ಅಜ್ಜಿಯನ್ನು ಎದೆಯ ಎಕ್ಸ್‌ರೇಗೆ ಕರೆದುಕೊಂಡು ಹೋಗಿದ್ದೆ. ಅಜ್ಜಿಗೆ ಕಿವಿ ಮಂದ. ಒಳಗಿನಿಂದ ಎಕ್ಸ್‌ರೇ ತೆಗೆಯುವವನ ಕೂಗು ಕೇಳುತ್ತಿತ್ತು: “ಏ ಅಜ್ಜೀ, ಉಸಿರು ಹಿಡ್ಕೋ ಅಂದ್ನಲ್ಲಾ! ಅಲ್ಲಾಡ್ಬೇಡ!” ಮೂರು ಸಲ ತೆಗೆದರು. ಹೊರಗೆ ಬಂದ ಅಜ್ಜಿ ಸೆರಗು ಸರಿಮಾಡಿಕೊಂಡು, “ನನಗೆ ಉಸಿರು ಹಿಡಿಯೋಕೂ ಬರೋಲ್ವಂತೆ,” ಎಂದು ನಕ್ಕರು. ಬಾಗಿಲ ಬಳಿಯಲ್ಲೇ ಇದ್ದ ನಾನು ಒಂದು ಮಾತೂ ಆಡಿರಲಿಲ್ಲ.

ಆಯ್ಕೆಯ ದಿನ ಆ ಹಿರಿಯರ ಬಿಳಿಗೂದಲನ್ನು ಕಂಡಾಗ ನಾಲಿಗೆಗೆ ಬಂದದ್ದು ಕನ್ನಡದ ‘ನೀವು’. ಗಾಬರಿಯಲ್ಲಿ ಅದು ‘ಊ’ ಆಗಲಿಲ್ಲ, ‘ಯುಲ್ಲಿ’ ಆಯಿತು. ಯುಲ್ಲಿ ಎಂದರೆ ನೀವೆಲ್ಲರೂ. ಒಬ್ಬ ಮನುಷ್ಯನನ್ನು ಗುಂಪು ಮಾಡಿ ಉಸಿರು ಹಿಡಿಯಲು ಹೇಳಿದ್ದೆ.

ಪರೀಕ್ಷಕಿಯ ಪೆನ್ನು ಓಡುತ್ತಿತ್ತು. ಸೀಟು ಹೋಯಿತು ಎಂದುಕೊಂಡೆ. ಕ್ಷಮೆ ಕೇಳಿ ಸುಮ್ಮನಾಗಬಹುದಿತ್ತು. ಸಾಮಾನ್ಯವಾಗಿ ನಾನು ಮಾಡುವುದು ಅದನ್ನೇ. ಅಂದು ಮಾತ್ರ ಹೇಳಿದೆ: “ನನ್ನ ಭಾಷೆಯಲ್ಲಿ ಹಲವರಿಗೆ ಇರುವ ಪದವೇ ಒಬ್ಬ ಹಿರಿಯರಿಗೂ. ನಿಮ್ಮನ್ನು ಕಂಡು ಅದೇ ಬಂತು.”

ಅವರು ಕುರ್ಚಿಯಲ್ಲಿ ನೆಟ್ಟಗಾದರು. “ಹಾಗಾದರೆ ಇಬ್ಬರಷ್ಟು ಉಸಿರು ಎಳೆದುಕೊಳ್ಳಲಾ?”

ನಗು ಬಂತು. ಅವರ ಭುಜ ಮುಟ್ಟುವ ಮೊದಲು ಮುಟ್ಟಲೇ ಎಂದು ಕೇಳಿದೆ. ನಿಧಾನವಾಗಿ, ಈ ಸಲ ‘ಊ’ ಬಳಸಿ, ಮತ್ತೆ ಹೇಳಿದೆ. ಅವರು ಎದೆ ತುಂಬ ಉಸಿರೆಳೆದು, ಕೆನ್ನೆ ಉಬ್ಬಿಸಿ, ನಾನು ಬಿಡಿ ಎನ್ನುವವರೆಗೂ ಹಿಡಿದಿದ್ದರು.

ವಸಂತದಲ್ಲಿ ಒಂದು ಮಧ್ಯಾಹ್ನ ಇಮೇಲ್ ಬಂತು. ಆಯ್ಕೆಪಟ್ಟಿಯಲ್ಲಿ ನನ್ನ ಕ್ರಮಸಂಖ್ಯೆ ಸೀಟುಗಳ ಸಂಖ್ಯೆಯ ಒಳಗೇ ಇತ್ತು, ಸೀಟು ಸಿಕ್ಕಿತ್ತು. ಪರೀಕ್ಷಕಿ ಅಂದು ಏನು ಬರೆದುಕೊಂಡರೋ ನನಗೆ ಈಗಲೂ ಗೊತ್ತಿಲ್ಲ. ಅಮ್ಮನಿಗೆ ಫೋನ್ ಮಾಡಿದೆ.

“ರ‍್ಯಾಂಕ್ ಎಷ್ಟು?” ಎಂದರು ತಕ್ಷಣ. ಹೇಳಿದೆ. “ಅಜ್ಜಿ ಇದ್ದಿದ್ರೆ ಬೀದಿಗೆಲ್ಲಾ ಹೇಳ್ಕೊಂಡು ಬರ್ತಿದ್ರು,” ಎಂದರು. ಅಮ್ಮ ಬೈಯಬಹುದೆಂದುಕೊಂಡಿದ್ದೆ.

ಮರುದಿನ ಬೆಳಿಗ್ಗೆ ಇಲ್ಲಿಯ ರವೆಯಲ್ಲಿ ಕೇಸರಿಬಾತು ಮಾಡಿ, ಡಬ್ಬಿಗೆ ತುಂಬಿ, ಸೈಕಲ್ ತುಳಿದು ರೀಟ್ ಮನೆಗೆ ಹೋದೆ. ದಾರಿಯುದ್ದಕ್ಕೂ ಒಂದೇ ವಾಕ್ಯವನ್ನು ಗುನುಗಿಕೊಂಡೆ. ಬಾಗಿಲು ತೆರೆದರು. ಎರಡೂ ಕೈಯಲ್ಲಿ ಡಬ್ಬಿ ಹಿಡಿದು, ಗೊತ್ತಿಲ್ಲದೆಯೇ ಸ್ವಲ್ಪ ಬಾಗಿ, ನಾನು ಅವರಿಗೆ ಮೊದಲ ಸಲ ‘ಯೆ’ ಎಂದೆ. ರೀಟ್ ಬಲಗೈಯಲ್ಲಿ ಬಾಗಿಲು ಹಿಡಿದುಕೊಂಡೇ, ಮನೆಯವರಿಂದ ತೆಗೆದುಕೊಳ್ಳುವ ಹಾಗೆ, ಎಡಗೈ ಚಾಚಿ ಡಬ್ಬಿ ತೆಗೆದುಕೊಂಡರು.