ಗೋಗಿಯ ಎಂಟರ ಟಂಟಂ

ಗೋಗಿಯಿಂದ ಶಹಾಪುರಕ್ಕೆ ಹೋಗುವ ಮೂರು ಗಾಲಿಯ ಟಂಟಂಗಳಿಗೆ ಸಮಯ ಎಂಬುದು ಇರಲಿಲ್ಲ, ಸಂಖ್ಯೆ ಮಾತ್ರ ಇತ್ತು. ಮಂದಿ ತುಂಬಿದರೆ ಗಾಡಿ ಹೊರಡುತ್ತಿತ್ತು. ಒಬ್ಬ ಕಡಿಮೆ ಬಿದ್ದರೆ ಆ ಒಬ್ಬ ಎಲ್ಲಾದರೂ ಹುಟ್ಟಿ, ಬೆಳೆದು, ಚಹಾ ಕುಡಿದು ಬರಲಿ ಎಂದು ಮಿಕ್ಕವರೆಲ್ಲ ಕಾಯುತ್ತಿದ್ದರು. ಇಂಥ ಊರಿನಲ್ಲಿ ಭೀಮರಾಯ ಒಂದು ದಿನ ತನ್ನ ಗಾಡಿಯ ಹಿಂದೆ ಬರೆಸಿದ: 'ಮುಂಜಾನೆ ಎಂಟಕ್ಕೆ ಬಿಡುತ್ತದೆ. ತುಂಬಿದರೂ ಸೈ, ತುಂಬದಿದ್ದರೂ ಸೈ.'

"ಖಾಲಿ ಗಾಡಿ ಓಡಸ್ತಾನಂತ. ಮದಲ ತಲಿ ಖಾಲಿ ಆಗ್ಯದ," ಎಂದು ಊರು ನಕ್ಕಿತು.

ಮೊದಮೊದಲು ಇಬ್ಬರು ಮೂವರನ್ನು ಕೂರಿಸಿಕೊಂಡು, ಡೀಸೆಲ್ಲಿನ ರೊಕ್ಕ ಕೈಯಿಂದಲೇ ಹಾಕಿ ಓಡಿಸಿದ. ಮೆಲ್ಲಗೆ ಸುದ್ದಿ ಹರಡಿತು. ಟಂಟಂ ಅಲ್ಲವೆ, ಡಂಗುರ ಬೇರೆ ಬೇಕೆ! ಶಹಾಪುರದ ಶಾಲೆಯಲ್ಲಿ ಕಲಿಸುವ ಪರಿಮಳಾ ಟೀಚರು ಪ್ರಾರ್ಥನೆಯ ಹೊತ್ತಿಗೇ ಮುಟ್ಟತೊಡಗಿದರು. ಮಾರ್ಕೆಟ್ಟಿನಲ್ಲಿ ಪುಂಡಿಪಲ್ಯ ಮಾರುವ ಸಾಯಬಮ್ಮನ ಸೊಪ್ಪು ಬಾಡುವುದು ನಿಂತಿತು. ಎಂಟು ಬಡಿಯುವಷ್ಟರಲ್ಲಿ ಗಾಡಿ ತಾನಾಗಿಯೇ ತುಂಬುವಂತಾಯಿತು, ಭೀಮರಾಯನ ಎದೆಯೂ.

ಆಗ ಬಂದವನು ಬಸಲಿಂಗ, ಭೀಮರಾಯನ ತಾಯಿಯ ಖಾಸಾ ತಮ್ಮ. ಅವನು ಓಡಿಸುತ್ತಿದ್ದುದು ದೊಡ್ಡವರೊಬ್ಬರ ಟಂಟಂ. ಅದಕ್ಕೆ ಪರ್ಮಿಟ್ಟಿಲ್ಲ, ವಿಮೆಯಿಲ್ಲ, ನಂಬರು ಇರಬೇಕಾದಲ್ಲಿ ಕೆಸರಿತ್ತು. ಭೀಮರಾಯನ ಗಾಡಿ ಓಡಲು ಒಂದು ಚೀಲ ಕಾಗದಪತ್ರ ಬೇಕಿತ್ತು. ಬಸಲಿಂಗನದು ಬರೀ ಆ ದೊಡ್ಡವರ ಒಂದು ಫೋನ್ ಕರೆಯ ಮೇಲೆ ಓಡುತ್ತಿತ್ತು. ಖರ್ಚೇ ಇಲ್ಲದವನಿಗೆ ಬಾಡಿಗೆ ಇಳಿಸುವುದೇನು ಕಷ್ಟ? ಎಂಟರ ಗಾಡಿಗೆಂದು ಜನ ನೆರೆಯುತ್ತಿದ್ದಂತೆ, ಎಂಟಕ್ಕೆ ಹತ್ತು ನಿಮಿಷ ಇರುವಾಗ ಬಂದು ಎಲ್ಲರನ್ನೂ ಬಾಚಿಕೊಂಡು ಹೋಗತೊಡಗಿದ.

"ಮಾವಾ, ಇವ್ರು ನನ್ನ ಮಂದಿ ಅದಾರ," ಎಂದ ಭೀಮರಾಯ.

"ಮಂದಿ ಮ್ಯಾಲ ನಿನ್ನ ಹೆಸರಿನ ಹಚ್ಚಿ ಹಾಕ್ಸೀಯೇನೊ ಅಳಿಯಾ? ಹಾದಿ ಸರಕಾರದ್ದು."

"ಸರಕಾರದ ಹಾದಿಗಿ ಸರಕಾರದ ಕಾಗದ ಬ್ಯಾಡೇನು?"

"ಕಾಗದ ಹಾಕಿದ್ರ ಗಾಡಿ ಓಡ್ತದೇನು? ಡೀಸೆಲ್ ಹಾಕಬೇಕು, ಡೀಸೆಲ್!"

ದೂರು ಕೊಡೋಣವೆಂದರೆ ಮನೆಯಲ್ಲೇ ಕೋರ್ಟು ಕೂತಿತು. "ನನ್ನ ತಮ್ಮನ ಗಾಡಿ ಹಿಡಿಸಿದಿ ಅಂದ್ರ ಈ ಮನ್ಯಾಗ ರೊಟ್ಟಿ ಕೇಳಬ್ಯಾಡ," ಎಂದಳು ತಾಯಿ. ಭೀಮರಾಯನಿಗೆ ನ್ಯಾಯಕ್ಕಿಂತ ರೊಟ್ಟಿ ಹತ್ತಿರದ ಸಂಬಂಧ.

ಆಮೇಲೆ ಅವನೇ ಒಂದು ತಪ್ಪು ಮಾಡಿದ. ಮಾವನಿಗಿಂತ ಮೊದಲು ಹೋದರಾಯಿತೆಂದು ಕಾಲು ಗಂಟೆ ಮುಂಚೆ ಬಿಟ್ಟ. ಮರುದಿನ ಮಾವ ಅದಕ್ಕೂ ಮುಂಚೆ ಬಂದ. ಹೀಗೆ ಒಬ್ಬರನ್ನೊಬ್ಬರು ತಳ್ಳುತ್ತ, ಎಂಟರ ಗಾಡಿ ಏಳಕ್ಕೇ ಹೊರಡತೊಡಗಿತು. ಹಾಗೇ ಬಿಟ್ಟಿದ್ದರೆ ಹಿಂದಿನ ದಿನವೇ ಹೊರಟು ನಿಲ್ಲುವ ಲಕ್ಷಣವಿತ್ತು. ಒಂದು ಮುಂಜಾನೆ ಶಹಾಪುರಕ್ಕೆ ಹೋಗಿ ಮರಳಿ ಬಂದರೆ, ನಿಲ್ದಾಣದಲ್ಲಿ ಪರಿಮಳಾ ಟೀಚರು ಒಬ್ಬರೇ ಕೊಡೆ ಹಿಡಿದು ನಿಂತಿದ್ದಾರೆ.

"ಯಾಕ್ರಿ ಟೀಚರ್, ಇನ್ನೂ ಇಲ್ಲೇ ನಿಂತೀರಿ?"

"ಎಂಟರ ಗಾಡಿ ಹಾದಿ ನೋಡಾಕತ್ತೀನ್ರಿ," ಎಂದರು ಟೀಚರು. "ನೀವು ಎಲ್ಲೆರ ನೋಡೀರೇನು?"

ಅಂದು ಮಧ್ಯಾಹ್ನ ಮಾರ್ಕೆಟ್ಟಿನಲ್ಲಿ ಸಾಯಬಮ್ಮನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಭೀಮರಾಯ ಹೇಳಿದ: "ಸಾಕಾತು ಬೇ ಯವ್ವಾ. ನಾಳಿಗಿ ಗಾಡಿ ಹಿಂದಿನ ಅಕ್ಷರ ಅಳಿಸಿಬಿಡ್ತೀನಿ. ನಾನೂ ಎಲ್ಲಾರಂಗ ತುಂಬಿದ ಮ್ಯಾಲೇ ಬಿಡ್ತೀನಿ. ಸಂಜಿ ಐದಕ್ಕೂ ಒಂದು ಬಿಡಬೇಕಂತ ಮಾಡಿದ್ದೆ. ಹೊಸಾದು ಮಾಡಿದವ ಹಾದಿ ಕಡೀಬೇಕು, ಹಿಂದ ಬಂದವ ಅದರ ಮ್ಯಾಲ ಜುಮ್ಮಂತ ಹೋಗಬೇಕು. ನನಗ್ಯಾಕ ಬೇಕು ಇದು?"

ಸಾಯಬಮ್ಮ ಸೊಪ್ಪಿಗೆ ನೀರು ಚಿಮುಕಿಸುತ್ತ ಕೇಳಿದಳು: "ಬಸ್ಸಿನ್ಯಾಗ ಸೀಟು ಹ್ಯಾಂಗ ಹಿಡಿತಾರೊ?"

"ಕಿಡಕ್ಯಾಗಿಂದ ಟವಲ್ ಒಗೀತಾರ."

"ಆ ಟವಲ್ ಸರಿಸಿ ಯಾರರ ಕುಂತಾರೇನು?"

ಕೂರುವುದಿಲ್ಲ. ಯಾದಗಿರಿಯಿಂದ ಸುರಪುರದವರೆಗೆ ಕಾಯ್ದೆ ಮುರಿಯುವವರು ಬೇಕಾದಷ್ಟಿದ್ದಾರೆ, ಟವಲು ಸರಿಸುವವರು ಸಿಗುವುದಿಲ್ಲ. ಅಂದು ಊರಿಗೆ ಮರಳಿ ಭೀಮರಾಯನ ಗಾಡಿಯಿಂದ ಇಳಿಯುವಾಗ ಸಾಯಬಮ್ಮ ತನ್ನ ಖಾಲಿ ಬುಟ್ಟಿಯನ್ನು ಸೀಟಿನ ಮೇಲೇ ಬಿಟ್ಟು, "ಇದು ನನ್ನ ಜಾಗಾ, ನಾಳಿ ಎಂಟಕ್ಕ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಟೀಚರು ಕೊಡೆ ಇಟ್ಟರು. ಒಬ್ಬ ಟವಲು, ಒಬ್ಬಾಕೆ ಚೀಲ, ಇನ್ನೊಬ್ಬ ಏನೂ ಸಿಗದೆ ಊಟದ ಖಾಲಿ ಡಬ್ಬಿ.

"ಮಂದಿ ಸಾಮಾನೆಲ್ಲ ಹೊತ್ಕೊಂಡು ಬಂದೀಯಲ್ಲ, ಮಂದಿ ಎಲ್ಲದಾರ?" ಎಂದು ಹೆಂಡತಿ ಮಲ್ಲೇಶ್ವರಿ ಗಾಡಿಯೊಳಗೆ ಇಣುಕಿದಳು.

"ನಾಳಿಗಿ ಬರ್ತಾರ," ಎಂದ ಭೀಮರಾಯ. ಅವನಿಗೇ ಪೂರ್ತಿ ನಂಬಿಕೆ ಇರಲಿಲ್ಲ.

ಮುಂಜಾನೆ ಬಸಲಿಂಗ ಎಂದಿನಂತೆ ಎಂಟಕ್ಕೂ ಮುಂಚೆಯೇ ಬಂದ. "ಬರ್ರಿ ಬರ್ರಿ, ಕಡಿಮಿ ರೊಕ್ಕ, ಲಗೂ ಶಹಾಪುರ!"

ಕೆಲವರು ಹತ್ತಿದರು. ಸಾಯಬಮ್ಮ ಅಲುಗಲಿಲ್ಲ. "ನನ್ನ ಬುಟ್ಟಿ ಆ ಗಾಡ್ಯಾಗ ಅದ."

"ಅದನ್ನೂ ತಗೊಂಡು ಬಾ ಬೇ!"

"ಹಿಡಿದ ಸೀಟು ಬಿಟ್ಟು ಬಂದ್ರ ನಾಲ್ಕು ಮಂದ್ಯಾಗ ನನ್ನ ಮರ್ಯಾದಿ ಏನೊ ಬಸಲಿಂಗಾ?"

ಟೀಚರ ಕೊಡೆಯೂ ಡಬ್ಬಿಯವನ ಡಬ್ಬಿಯೂ ಅದೇ ಮಾತಾಡಿದವು. ಬಸಲಿಂಗ ಸಿಕ್ಕಷ್ಟು ಮಂದಿಯನ್ನು ತುಂಬಿಕೊಂಡು, ಅಳಿಯನ ಕಡೆ ಹೊಗೆ ಬಿಟ್ಟು ಹೋದ.

ಎಂಟಾಯಿತು. ಭೀಮರಾಯನ ಗಾಡಿಯಲ್ಲಿ ಇನ್ನೂ ಎರಡು ಸೀಟು ಖಾಲಿ. ಅಷ್ಟರಲ್ಲಿ ದೂರದ ಬೇವಿನ ಮರದ ಹತ್ತಿರ ಇಬ್ಬರು ಕೈ ಬೀಸುತ್ತ, ಬೀಡಿ ಸೇದುತ್ತ, ಮದುವೆಗೆ ಹೋಗುವವರಂತೆ ನಿಧಾನವಾಗಿ ಬರುತ್ತಿದ್ದರು. ಎರಡು ನಿಮಿಷ ನಿಂತರೆ ಗಾಡಿ ಭರ್ತಿ. ಭೀಮರಾಯನ ಕೈ ಚಾವಿಯ ಮೇಲೆ ತಡೆಯಿತು. ಕನ್ನಡಿಯಲ್ಲಿ ನೋಡಿದರೆ ಹಿಂದೆ ಕೂತವರೆಲ್ಲರ ಕಣ್ಣು ಅವನ ಬೆನ್ನ ಮೇಲಿದ್ದವು.

ಚಾವಿ ತಿರುವಿದ.

"ಏ ನಿಂದ್ರೋ! ನಿನ್ನ ಗಾಡಿ ಏನು ರೈಲೇನು?" ಬೀಡಿ ಬಿಸಾಕಿ, ಧೋತ್ರ ಮೇಲೆತ್ತಿ, ಇಬ್ಬರೂ ಓಡತೊಡಗಿದರು. ಗೋಗಿಯ ಜನ ಟಂಟಂ ಹಿಂದೆ ಓಡಿದ್ದನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ. ಸಾಯಬಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

"ನಾಳಿ ಲಗೂ ಬರ್ರಿ ಯಣ್ಣಾ," ಎಂದು ಕೂಗಿ ಹೇಳಿ ಭೀಮರಾಯ ಗೇರು ಬದಲಿಸಿದ.